ಎಡಗಣ್ಣಿನ ಬೂದು ಮಚ್ಚೆ

ಮಂಗಳವಾರ, ನವೆಂಬರ್ ೧೧

ಎಡಗಣ್ಣಿನ ನಡುವಿನ ಬೂದು ಮಚ್ಚೆ ಇವತ್ತೂ ಹೋಗಿಲ್ಲ. ಅಕ್ಷಿಪಟಲದ ಕೆಳಗೆ ನೀರು ನಿಂತಿದೆಯಂತೆ, ರಕ್ತದಲ್ಲಿ ಒತ್ತಡದ ಹಾರ್ಮೋನೂ ಹೆಚ್ಚಿದೆಯಂತೆ. "ಎರಡಕ್ಕೂ ನಂಟಿರಬಹುದು, ಖಚಿತವಾಗಿ ಹೇಳಕ್ಕಾಗಲ್ಲ. ತಲೆ ತಿನ್ನೋ ಚಿಂತೆ ಏನಾದ್ರೂ ಇದೆಯೇನಮ್ಮ?" ಎಂದರು ಡಾಕ್ಟರು. "ಏನಿಲ್ಲ" ಎಂದುಬಿಟ್ಟೆ. ಪಕ್ಕದಲ್ಲೇ ಅಕ್ಕ ಕೂತಿದ್ದಳು, ಅವಳಿಗೂ ಹೇಳಿಲ್ಲ, ಹೇಗೆ ಬಾಯಿ ಬಿಡಲಿ?

ಆಂಬುಲೆನ್ಸ್ ಕರೆ ತೆಗೆದುಕೊಳ್ಳುವವಳು ನಾನು. ಒಂದು ದಿನ ಕರೆ ಬಂದಾಗ ಮನೆ ನಂಬರು ಅರವತ್ತೊಂದನ್ನು ಹದಿನಾರು ಎಂದು ಬರೆದೆ. ಗಾಡಿ ಸರಿಯಾದ ಮನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಅಪ್ಪ ಉಸಿರಾಡ್ತಿಲ್ಲ, ಬೇಗ ಬನ್ನಿ" ಎಂದ ಹುಡುಗಿಯ ದನಿ ಕಿವಿ ಬಿಟ್ಟಿಲ್ಲ. ಮರುದಿನ ಬೆಳಿಗ್ಗೆಯೇ ಈ ಮಚ್ಚೆ ಕಂಡಿದ್ದು.

ಮಚ್ಚೆ ಎಷ್ಟಿದೆ ಎಂದು ತಿಳಿಯಲು ದಿನಾ ಬಲಗಣ್ಣು ಮುಚ್ಚಿ ಚೌಕುಳಿ ಹಾಳೆ ನೋಡಬೇಕಂತೆ. ಹಾಳೆ ಬಿಟ್ಟು, ಈ ಡೈರಿಯಲ್ಲೇ ೬೧ ಎಂದು ಬರೆದು ಎಡಗಣ್ಣಲ್ಲಿ ನೋಡಿದೆ. ಸುತ್ತಲಿನ ಅಕ್ಷರಗಳೆಲ್ಲ ಇವೆ. ಆ ಮನೆ ಮಾತ್ರ ಇಲ್ಲ.