ನಾಲ್ಕೂವರೆ ಅಡಿ

ಮನೆಯಿಂದ,
ಗುರುವಾರ, ಸೆಪ್ಟೆಂಬರ್ ೧೧, ಬೆಳಗಿನ ಹೊತ್ತು

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನು ನೋವು ಈಗ ಎಷ್ಟೋ ವಾಸಿಯೋ, ಹಾಗೇ ಇದೆಯೋ? ಟೈಲ್ಸ್ ಗೋದಾಮು ನೋಡಿಕೊಳ್ಳುವ ಕೆಲಸ ಎಂದು ಕರೆದು ಪೆಟ್ಟಿಗೆಗಳನ್ನೂ ನಿನ್ನಿಂದಲೇ ಎತ್ತಿಸುತ್ತಾರಂತೆ. ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು. ಐದು ವರ್ಷ ಮಾತಾಡಿಸದ ಅಕ್ಕ ಇದ್ದಕ್ಕಿದ್ದಂತೆ ಬುದ್ಧಿ ಹೇಳಲು ಬಂದಳಲ್ಲ ಎಂದು ನಿನಗೆ ಅನ್ನಿಸಬಹುದು. ನಿನ್ನ ವಿಳಾಸ ಸಿಕ್ಕಿದ್ದು ನಿನ್ನ ಭಾವನ ಜೇಬಿನ ಡೈರಿಯಲ್ಲಿ. ಮೂರು ವರ್ಷದಿಂದ ಅಲ್ಲೇ ಇತ್ತಂತೆ. ಈ ಮನೆಯಲ್ಲಿ ನಿನ್ನ ಹೆಸರು ಎತ್ತಕೂಡದು ಎಂದು ಕಟ್ಟಪ್ಪಣೆ ಮಾಡಿದವಳು ನಾನು. ಅವರು ಹೆಸರು ಎತ್ತಲಿಲ್ಲ, ಕಾಗದ ಬರೆಯುತ್ತಿದ್ದರು, ಅಷ್ಟೇ. ನಿನ್ನೆ ರಾತ್ರಿ ನಾನು ಅಳುತ್ತಾ ಕೂತಾಗ ಏನೂ ಕೇಳದೆ ಡೈರಿಯನ್ನು ಬಿಚ್ಚಿ ನನ್ನ ಮುಂದಿಟ್ಟರು.

ಇಲ್ಲಿ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನ ಕನ್ನಡಕದ ನಂಬರು ಮತ್ತೆ ಬದಲಾಗಿದೆ. ನಿನ್ನ ಭಾವ ಇನ್ನೂ ಅದೇ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಾರೆ, ಮನೆಗೆ ಬಂದು ಔಷಧಿ ಬಾಟಲಿಯ ಮೇಲಿನ ಅಕ್ಷರವನ್ನೂ ತಿದ್ದುತ್ತಾರೆ. ಹಿತ್ತಲಲ್ಲಿ ನೀನು ಕಟ್ಟಿದ ನೀರಿನ ತೊಟ್ಟಿ ಒಂದು ಹನಿ ಸೋರಿಲ್ಲ. ಪಾಚಿ ಕಟ್ಟಿದಾಗ ಉಜ್ಜಿ ತೊಳೆಯುವುದು ನಾನೇ. ನಿನ್ನ ಮೇಲೆ ಅಷ್ಟು ಸಿಟ್ಟಿದ್ದ ಕಾಲದಲ್ಲೂ ಆ ತೊಟ್ಟಿಯನ್ನು ಬೇರೆಯವರ ಕೈಗೆ ಕೊಟ್ಟಿರಲಿಲ್ಲ. ಯಾಕೆ ಅಂತ ಕೇಳಬೇಡ.

ಹೊಸ ಸುದ್ದಿ ಎಂದರೆ ಮನೆಗೆ ಕಂಪ್ಯೂಟರ್ ಬಂದಿದೆ. ನಮ್ಮ ಇಂಜಿನಿಯರ್ ಸಾಹೇಬರು ವಯಸ್ಸಾಯಿತೆಂದು ಮಾರ್ಚ್‌ನಲ್ಲಿ ಕಚೇರಿ ಮುಚ್ಚಿದರು. ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಮನೆಗಳ ನಕ್ಷೆ ಬರೆದವಳು ಬೇರೆ ಕಡೆ ಕೆಲಸ ಕೇಳಲು ಹೋದರೆ ಎಲ್ಲರದ್ದೂ ಒಂದೇ ಪ್ರಶ್ನೆ: “ಕಂಪ್ಯೂಟರ್‌ನಲ್ಲಿ ಬರೀತೀರಾ?” ಕೈಯಲ್ಲಿ ಬರೆಯುತ್ತೇನೆ ಎಂದರೆ ಹಳೇ ಪಾತ್ರೆ ನೋಡಿದ ಹಾಗೆ ನೋಡುತ್ತಿದ್ದರು. ಇವರ ಬಾಗಿಲು ಯಾಕೆ ಕಾಯಬೇಕು, ಮನೆಯಲ್ಲೇ ಕೂತು ಸಣ್ಣ ಸಣ್ಣ ಮನೆಗಳಿಗೆ ನಕ್ಷೆ ಮಾಡಿಕೊಡೋಣ ಅಂದುಕೊಂಡೆ. ಮುಂದಿನ ಕೋಣೆಯಲ್ಲಿದ್ದ ಅಮ್ಮನ ಮಂಚವನ್ನು ಒಳಗೆ ಸಾಗಿಸಿ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವ ಹಾಗೆ ಮೇಜು ಹಾಕಿದೆವು. ನಿನ್ನ ಭಾವ ತಾವೇ ಒಂದು ಬೋರ್ಡು ಬರೆದರು: “ಮನೆ ನಕ್ಷೆ ಮತ್ತು ಒಳಾಂಗಣ ವಿನ್ಯಾಸ.” ವಿನ್ಯಾಸದ ನ್ಯಾಕ್ಕೆ ಒತ್ತು ಸಾಲದೆಂದು ಮೂರು ಸಲ ಅಳಿಸಿ ಬರೆದರು. ಮೊದಲ ಗಿರಾಕಿಯೂ ಸಿಕ್ಕಿದ್ದಳು. ಕೆಲಸದಿಂದ ನಿವೃತ್ತಳಾದ ನರ್ಸಮ್ಮ, ಎರಡು ಕೋಣೆಯ ಪುಟ್ಟ ಮನೆ, ಅಡುಗೆಮನೆಯಲ್ಲಿ ಕೂತು ತರಕಾರಿ ಹೆಚ್ಚಲು ಒಂದು ಕಟ್ಟೆ ಇರಲೇಬೇಕು ಎಂದಳು.

ಹೋದ ಭಾನುವಾರ ಬೆಳಗ್ಗೆ ಪೆಟ್ಟಿಗೆ ಬಿಚ್ಚಿದೆವು. ಇಬ್ಬರೂ ಕೈ ತೊಳೆದುಕೊಂಡು ಬಂದು ಕೂತೆವು, ಕೂಸನ್ನು ಎತ್ತಿಕೊಳ್ಳುವವರ ಹಾಗೆ. ನಿನ್ನ ಭಾವ ಜೊತೆಗಿದ್ದ ಕೈಪಿಡಿಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಿದರು. ಅದರಲ್ಲಿ ಹದಿನೇಳು ತಪ್ಪು ಹುಡುಕಿದರು, ಸ್ವಿಚ್ ಎಲ್ಲಿದೆ ಎನ್ನುವುದು ಮಾತ್ರ ಸಿಗಲಿಲ್ಲ. ಕೊನೆಗೆ ಅದು ಕಂಪ್ಯೂಟರಿನ ಹಿಂಭಾಗದಲ್ಲಿತ್ತು. ಪರದೆ ಬೆಳಗಿದಾಗ ಇಬ್ಬರೂ ಸುಮ್ಮನೆ ನೋಡುತ್ತಾ ಕೂತೆವು. ಎಷ್ಟೋ ದಿನದ ಮೇಲೆ ಈ ಮನೆಯಲ್ಲಿ ಸಂತೋಷ ಅನ್ನುವಂಥದ್ದು ಒಂದು ಗಳಿಗೆ ಬಂದು ಹೋಯಿತು. ಸೋಮವಾರ ಅಂಗಡಿಯಿಂದ ಒಬ್ಬ ಹೆಣ್ಣುಮಗಳು ಬಂದು ನಕ್ಷೆ ಬರೆಯುವ ಪ್ರೋಗ್ರಾಂ ಹಾಕಿ ಎರಡು ಗಂಟೆ ಕಲಿಸಿದಳು. ಒಳ್ಳೆಯ ತಾಳ್ಮೆ ಅವಳಿಗೆ. ಹೋಗುವಾಗ, “ಮೇಡಂ, ನೀವು ಮೊದಲು ಕೈಯಲ್ಲಿ ಬರೆದಿರೋ ಯಾವುದಾದ್ರೂ ಹಳೇ ನಕ್ಷೆ ತಗೊಳ್ಳಿ. ಅದನ್ನೇ ಇದರಲ್ಲಿ ಮತ್ತೆ ಬರೀರಿ. ಕೈ ತಾನಾಗೇ ಪಳಗುತ್ತೆ,” ಅಂದಳು.

ಕಚೇರಿ ಮುಚ್ಚಿದಾಗ ನನ್ನ ಟ್ರೇಸಿಂಗ್ ಹಾಳೆಗಳನ್ನೆಲ್ಲ, ಪ್ರತಿ ತೆಗೆಯುವ ಆ ಮೂಲ ನಕ್ಷೆಗಳನ್ನು, ಸಾಹೇಬರು ನನಗೇ ಕೊಟ್ಟಿದ್ದರು. ಡಬ್ಬಿಯಿಂದ ಕೈಗೆ ಬಂದ ಸುರುಳಿ ಎಳೆದೆ. ಅದು ಆ ಮನೆ. ಮೂಲೆ ಸೈಟಿನ ಮಹಡಿ ಮನೆ, ನೀನು ಸ್ವಂತಕ್ಕೆ ಹಿಡಿದ ಎರಡನೇ ಗುತ್ತಿಗೆ. ವಾಪಸ್ ಇಡಬೇಕು ಅಂದುಕೊಂಡೆ. ಆಮೇಲೆ, ಇರಲಿ, ನಾನು ಬರೆದದ್ದರಲ್ಲಿ ಇದರಷ್ಟು ಚೊಕ್ಕದ್ದು ಇನ್ನೊಂದಿಲ್ಲ, ತಪ್ಪು ನಕ್ಷೆಯದ್ದೇನಲ್ಲವಲ್ಲ ಅಂದುಕೊಂಡು ಹರಡಿದೆ. ಈ ಮಾತನ್ನು ಅಂದುಕೊಂಡದ್ದು ನಿಜ, ತಮ್ಮಾ. ನಿನ್ನಿಂದ ಮುಚ್ಚಿಡುವುದಿಲ್ಲ.

ಎರಡು ದಿನದಲ್ಲಿ ಗೋಡೆ, ಬಾಗಿಲು, ಮೆಟ್ಟಿಲು ಎಲ್ಲ ಬರೆದೆ. ನಿನ್ನೆ ಮಧ್ಯಾಹ್ನ ಬಾಲ್ಕನಿಯ ಕಾಂಕ್ರೀಟಿನೊಳಗೆ ಕಟ್ಟುವ ಕಬ್ಬಿಣದ ಕಂಬಿಗಳ ಚಿತ್ರಕ್ಕೆ ಬಂದೆ. ಹಾಳೆಯಲ್ಲಿ ಅದು ಮೂಲೆಯ ಒಂದು ಪುಟ್ಟ ಚಿತ್ರ, ಅಳತೆಗೆ ತಕ್ಕ ಹಾಗೆ ಎಳೆದದ್ದಲ್ಲ, ಪಕ್ಕದಲ್ಲಿ ಅಂಕಿ ಮಾತ್ರ. ಕಂಪ್ಯೂಟರಿನಲ್ಲಿ ಹಾಗಿಲ್ಲ, ಅಂಕಿ ಎಷ್ಟೋ ಗೆರೆಯೂ ಅಷ್ಟೇ ಉದ್ದ ಬರುತ್ತದೆ. ಹೊರಗೆ ಚಾಚುವ ಬಾಲ್ಕನಿ ಮೂರು ಅಡಿ. ಅದರ ಭಾರ ಹಿಡಿಯಲು ಅದೇ ಕಂಬಿ ಒಳಗಿನ ಸ್ಲ್ಯಾಬಿನಲ್ಲಿ ಎಷ್ಟು ದೂರ ಹೋಗಬೇಕು ಎಂದು ಹಾಳೆ ನೋಡಿದೆ, ನೋಡಿದ್ದನ್ನು ಒತ್ತಿದೆ. ಗೆರೆ ಗೋಡೆ ದಾಟಿ ಒಂಚೂರು ಹೋಗಿ ನಿಂತುಬಿಟ್ಟಿತು. ನಾನೇ ತಪ್ಪು ಒತ್ತಿದೆನೇನೋ ಎಂದು ಅಳಿಸಿ ಮತ್ತೆ ಒತ್ತಿದೆ. ಮತ್ತೆ ಅಲ್ಲೇ ನಿಂತಿತು. ಕನ್ನಡಕ ಒರೆಸಿಕೊಂಡು ಹಾಳೆಯನ್ನು ಕಿಟಕಿಯ ಹತ್ತಿರ ಹಿಡಿದೆ. ನಾಲ್ಕೂವರೆ ಅಡಿ ಇರಬೇಕಾದ ಕಡೆ ಒಂದೂವರೆ ಅಡಿ ಎಂದಿತ್ತು. ಅಕ್ಷರ ನನ್ನದೇ. ತಿದ್ದಿಲ್ಲ, ಒರೆಸಿಲ್ಲ, ಮಸಿ ಹರಡಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಒಂದೂವರೆ ಅಡಿ.

ಆ ದಿನದ ಬಗ್ಗೆ ನಿನಗೆ ಹೇಳಬೇಕಾದ್ದಿಲ್ಲ, ಆದರೂ ಬರೆಯುತ್ತೇನೆ. ಬರೆಯದೆ ದಾಟಿಬಿಟ್ಟರೆ ಮತ್ತೆ ಅದೇ ಹಳೇ ಚಾಳಿ ಆಗುತ್ತದೆ. ಕಾಂಕ್ರೀಟು ಹಾಕಿ ಮೂರು ವಾರವಾಗಿತ್ತು. ಉದ್ದಣ್ಣ ಎಂದು ನೀವೆಲ್ಲ ಕರೆಯುತ್ತಿದ್ದ ಆ ಎತ್ತರದ ಮನುಷ್ಯ ಬಾಲ್ಕನಿಯ ಕೆಳಗೆ ನಿಂತು ಆಸರೆಯ ಕಂಬಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಕೊನೆಯದನ್ನು ತೆಗೆದಾಗ ಬಾಲ್ಕನಿ ಅವನ ಮೇಲೇ ಬಂತು. ನೀನು ಕೈಯಿಂದಲೇ ಕಲ್ಲು ಸರಿಸಿ ಸರಿಸಿ ಉಗುರು ಕಿತ್ತುಹೋಗಿತ್ತು. ಸಾಹೇಬರ ಲೆಕ್ಕದ ಕಾಗದದಲ್ಲಿ ನಾಲ್ಕೂವರೆ ಅಡಿ ಎಂದು ಸರಿಯಾಗಿಯೇ ಇತ್ತು, ಒಡೆದು ಬಿದ್ದ ಕಂಬಿ ಒಂದೂವರೆ ಅಡಿ ಇತ್ತು. ತನಿಖೆಗೆ ಬಂದವರು ನಿನ್ನ ಹತ್ತಿರವಿದ್ದ ನಕ್ಷೆಯ ಪ್ರತಿ ಕೇಳಿದರು. ಕಳೆದುಹೋಯಿತು ಅಂದೆ ನೀನು. ಕಂಬಿ ಕಟ್ಟಿದವನು, “ಇಷ್ಟು ಸಾಕಾ ಅಂತ ಕೇಳಿದ್ದೆ ಸಾರ್, ಸಾಕು ಕಟ್ಟು ಅಂದ್ರು,” ಎಂದು ಹೇಳಿದ. ನೀನು ತಲೆ ತಗ್ಗಿಸಿ, ಹೌದು, ನಾನೇ ಕಡಿಮೆ ಮಾಡಿಸಿದೆ ಎಂದು ಬರೆದುಕೊಟ್ಟೆ. ಅಲ್ಲಿಗೆ ಮುಗಿಯಿತು. ಟ್ರೇಸಿಂಗ್ ಹಾಳೆ ಬಿಚ್ಚಿ ನೋಡಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ಬರೆದ ನನಗೂ ಅನ್ನಿಸಲಿಲ್ಲ.

ಎಲ್ಲರ ಎದುರಿಗೆ ನಾನು ನಿನಗೆ ಹೇಳಿದ ಮಾತು, “ನಾಲ್ಕು ತುಂಡು ಕಬ್ಬಿಣ ಉಳಿಸೋಕೆ ಹೋಗಿ ಒಬ್ಬನ ಪ್ರಾಣ ತೆಗೆದೆಯಲ್ಲೋ. ನಮ್ಮಮ್ಮನ ಹೊಟ್ಟೇಲಿ ಹೇಗೆ ಹುಟ್ಟಿದೆ ನೀನು.” ನೀನು ಒಂದು ಸಲ ತಲೆ ಎತ್ತಿ ನನ್ನ ಮುಖ ನೋಡಿದೆ. ಆ ನೋಟವನ್ನು ನಾನು ಐದು ವರ್ಷ ಕಳ್ಳನ ನೋಟ ಎಂದೇ ಓದಿಕೊಂಡೆ. ಅಕ್ಷರ ಓದಲು ಬಂದರೆ ಸಾಲದು ನೋಡು. ಹದಿನಾಲ್ಕು ತಿಂಗಳು ನೀನು ಜೈಲಿನಲ್ಲಿದ್ದೆ. ಅಮ್ಮ ಪ್ರತಿದಿನ ತಟ್ಟೆ ಮುಂದೆ ಕೂತು, “ಅವನು ಉಂಡನೇನೆ?” ಎನ್ನುತ್ತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ. ಒಂದು ಸಲವೂ ನಿನ್ನನ್ನು ನೋಡಲು ಬರಲಿಲ್ಲ. ಅಮ್ಮ ಹೋದ ದಿನ ನೀನು ಬಂದು ಗೇಟಿನ ಆಚೆ ನಿಂತಿದ್ದೆ. ನೋಡಿದೆ. ಒಳಗೆ ಬಾ ಎನ್ನಲಿಲ್ಲ. ನೀನು ಅಲ್ಲಿಂದಲೇ ಕೈ ಮುಗಿದು ಹೋದೆ. ನಿನ್ನೆಯಿಂದ ಉಳಿದೆಲ್ಲವನ್ನೂ ಹೇಗೋ ನುಂಗಿದೆ, ಇದೊಂದನ್ನು ನುಂಗಲಾಗುತ್ತಿಲ್ಲ.

ಆ ಹಾಳೆ ಎಲ್ಲಿ ಬರೆದೆ ಎಂಬುದೂ ನೆನಪಾಯಿತು. ಅಮ್ಮನಿಗೆ ಮೊದಲ ಸಲ ಆಪರೇಷನ್ ಆದ ವಾರ. ಆಸ್ಪತ್ರೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಮುಗಿಸಿದ್ದೆ. ನಾಳೆ ಕೆಲಸ ನಿಲ್ಲಬಾರದು ಎಂದು ನೀನು ಬಾಗಿಲಲ್ಲೇ ಕಾಯುತ್ತಿದ್ದೆ. ಇದನ್ನು ನೆಪ ಎಂದು ಹೇಳುತ್ತಿಲ್ಲ. ಸತ್ತವನಿಗೆ ನನ್ನ ನೆಪ ಯಾತಕ್ಕೆ? ನೀನು ಆ ಕೆಲಸಕ್ಕೆ ಹೊಸಬ, ಅಕ್ಕ ಬರೆದದ್ದನ್ನು ಎರಡನೇ ಸಲ ನೋಡುವವನಲ್ಲ. ಕಂಬಿಯವನು ಕೇಳಿದಾಗ ನೀನು ಹೇಳಿದ “ಸಾಕು” ಯಾವ “ಸಾಕು” ಎಂದು ಈಗ ಗೊತ್ತಾಯಿತು.

ನಿನ್ನ ಮೇಲೆ ಸಿಟ್ಟೂ ಇದೆ, ಹೇಳಿಬಿಡುತ್ತೇನೆ. ಆ ಹಾಳೆಯ ಪ್ರತಿ ಕಳೆದುಹೋಗಿರಲಿಲ್ಲ. ನೀನೇ ಸುಟ್ಟೆಯೋ ಹರಿದೆಯೋ. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಮನೆ ನಡೆಯುತ್ತಿರುವುದು ಅಕ್ಕನ ಸಂಬಳದಲ್ಲಿ, ಅಕ್ಕ ಒಳಗೆ ಹೋದರೆ ಅಮ್ಮನನ್ನು ನೋಡುವವರು ಯಾರು ಎಂದು ನೀನು ಯೋಚಿಸಿರುತ್ತೀಯ. ನನಗೆ ಗೊತ್ತು ನಿನ್ನ ಬುದ್ಧಿ. ಆದರೆ ನನ್ನನ್ನು ಒಂದು ಮಾತು ಕೇಳಬೇಕಿತ್ತು. ನನ್ನ ತಪ್ಪನ್ನು ನನಗೇ ಹೇಳದೆ ಹೊತ್ತುಕೊಂಡು ಹೋಗಿ, ನಾನು ಎದೆ ಸೆಟೆಸಿಕೊಂಡು ಓಡಾಡುವ ಹಾಗೆ ಮಾಡಿದೆ. ಬೇರೆಯವರ ನಕ್ಷೆ ನೋಡಿ “ಅಂಕಿ ಸರಿ ನೋಡಿಕೊಳ್ರೀ, ನಮ್ಮ ಮನೇಲೇ ಒಂದು ಕಥೆ ಆಗಿದೆ” ಎಂದು ಬುದ್ಧಿ ಹೇಳಿದ್ದೇನೆ, ಗೊತ್ತಾ ನಿನಗೆ? ಎಷ್ಟು ಜನಕ್ಕೆ ಹೇಳಿದ್ದೇನೋ.

ಕ್ಷಮಿಸು ಎಂದು ಬರೆಯಲು ಕೂತೆ, ಆ ಪದ ಬರೆದು ನೋಡಿದರೆ ತೀರಾ ಸಣ್ಣದಾಗಿ ಕಂಡಿತು. ಅಳಿಸಿಲ್ಲ, ಮೊದಲ ಹಾಳೆಯ ಹಿಂದೆ ಹಾಗೇ ಇದೆ, ನೋಡು. ನೀನು ಎಲ್ಲಿದ್ದರೂ ಮೈ ಕೈ ಗಟ್ಟಿಯಾಗಿರಲಿ. ಅಮ್ಮ ಇದ್ದಿದ್ದರೆ ನಿನ್ನ ತಲೆ ಸವರುತ್ತಿದ್ದಳು, ಅವಳ ಪರವಾಗಿ ನಾನು ಸವರಿದೆ ಎಂದು ತಿಳಿ. ನಿನ್ನ ಭಾವ ನೆನಪು ಹೇಳಿದ್ದಾರೆ. ಈ ಕಾಗದದಲ್ಲಿ ತಪ್ಪು ತಿದ್ದಲು ಅವರಿಗೆ ಕೊಟ್ಟಿಲ್ಲ.

ಇಂತು,
ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ತಾ.ಕ.: ಶನಿವಾರ. ಅಂಚೆಗೆ ಹಾಕದೆ ಎರಡು ದಿನ ಇಟ್ಟುಕೊಂಡೆ, ಕಾರಣವಿದೆ. ಗುರುವಾರವೇ ಟ್ರೇಸಿಂಗ್ ಹಾಳೆ ತೆಗೆದುಕೊಂಡು ನಗರಸಭೆಗೂ ಪೊಲೀಸ್ ಠಾಣೆಗೂ ಹೋದೆ, ನಿನ್ನ ಭಾವನೂ ಬಂದರು. ಎಲ್ಲ ಬರೆದುಕೊಟ್ಟಿದ್ದೇನೆ, ನೀನು ತಡೆಯುವ ಹಾಗಿಲ್ಲ. ಮುಗಿದ ಕಡತ ಮತ್ತೆ ತೆಗೆಯಲು ಸಮಯ ಹಿಡಿಯುತ್ತದಂತೆ, ಅಲ್ಲಿಯವರೆಗೆ ನಾನು ಯಾರಿಗೂ ನಕ್ಷೆ ಬರೆದುಕೊಡಬಾರದು ಎಂದರು. ನರ್ಸಮ್ಮನಿಗೆ ವಿಷಯ ಹೇಳಿ ಕಳಿಸಿದೆ. ಕಂಪ್ಯೂಟರ್ ಮೇಲೆ ಬಟ್ಟೆ ಮುಚ್ಚಿದೆ. ನಿನ್ನೆ ಉದ್ದಣ್ಣನ ಹೆಂಡತಿಯ ಹತ್ತಿರ ಹೋದೆ. ಬಟ್ಟೆ ಇಸ್ತ್ರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದಾಳೆ. ಹಾಳೆ ಬಿಚ್ಚಿ ಆ ಅಂಕಿ ತೋರಿಸಿದೆ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಅಂಕಿಯ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ, “ಐದು ವರ್ಷ ದಿನಾ ಬೆಳಗೆದ್ದು ನಿಮ್ಮ ತಮ್ಮನಿಗೆ ಶಾಪ ಹಾಕಿದೀನಿ. ಈಗ ಅದನ್ನೆಲ್ಲ ಎಲ್ಲಿ ಹಾಕ್ಲಿ, ಹೇಳಿ,” ಅಂದಳು. ಏಳಲು ಹೊರಟೆ. ಕೂತ್ಕೊಳ್ಳಿ ಅಂದಳು. ನನಗೆ ಹೇಳಬೇಕಾದದ್ದನ್ನೆಲ್ಲ ಎದುರಿಗೇ ಹೇಳಿದಳು, ಕೇಳಿಸಿಕೊಂಡೆ. ಕೊನೆಗೆ ರಸೀತಿ ಪುಸ್ತಕದಿಂದ ಒಂದು ಹಾಳೆ ಹರಿದು, ನಿಂತುಕೊಂಡೇ ಏನೋ ಬರೆದು, ಮಡಚಿ, ಮಡಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿ ಕೊಟ್ಟಳು. ಅದನ್ನು ಇದರೊಳಗೆ ಇಟ್ಟಿದ್ದೇನೆ. ನಾನು ಬಿಚ್ಚಿಲ್ಲ. ಅದು ನಿನಗೆ.