ಕಂಬದ ಕೆಳಗೆ ತಟ್ಟೆ ಬಡಿದವರ ಪರವಾಗಿ

ಪ್ರಾಂತ್ಯದ ಪರಿಸರ ಖಾತೆಗೂ ವಿದ್ಯುತ್ ಖಾತೆಗೂ ಒಬ್ಬರೇ ನಿರ್ದೇಶಕರಾಗಿರುವ ಮಾನ್ಯರೇ,

ಹದ್ದನ್ನು ಹೆದರಿಸಿದ ಅಪರಾಧಕ್ಕಾಗಿ ತಾವು ಕಳಿಸಿದ ನೋಟಿಸು ನನ್ನ ಕೈ ಸೇರಿದೆ. 'ಸಂರಕ್ಷಿತ ಪಕ್ಷಿಗೆ ಉದ್ದೇಶಪೂರ್ವಕವಾಗಿ, ಪದೇಪದೇ, ಅಡುಗೆಮನೆಯ ಪಾತ್ರೆಗಳನ್ನು ಬಳಸಿ ಕಿರುಕುಳ ಕೊಟ್ಟಿರುತ್ತಾರೆ' ಎಂದು ಅದರಲ್ಲಿದೆ. ಅಕ್ಷರಕ್ಷರವೂ ನಿಜ. ಒಂದು ತಿದ್ದುಪಡಿ ಮಾತ್ರ: ಪಾತ್ರೆಗಳು ಅಡುಗೆಮನೆಯವಲ್ಲ, ನನ್ನ ಬೇಕರಿಯವು, ಬ್ರೆಡ್ ಬೇಯಿಸುವ ದೊಡ್ಡ ತಟ್ಟೆಗಳು. ಅವುಗಳ ಸದ್ದು ಇನ್ನೂ ಜೋರು. ಅದೇ ಜಾತಿಯ ಹೆಣ್ಣು ಹದ್ದೊಂದನ್ನು ಸುಟ್ಟು ಕೊಂದ ತಮ್ಮ ವಿದ್ಯುತ್ ಕಂಬಕ್ಕೆ ಮಾತ್ರ ಇಂದಿನವರೆಗೆ ಯಾವ ನೋಟಿಸೂ ಬಂದಿಲ್ಲ. ಅದು ನೆಟ್ಟ ಜಾಗದಲ್ಲೇ ನಿಂತಿದೆ, ವಿಳಾಸ ಹುಡುಕುವ ಕಷ್ಟವೂ ಇಲ್ಲ. ಆದ್ದರಿಂದ ನಾನು ಉತ್ತರವನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಕಳಿಸುತ್ತಿದ್ದೇನೆ. ತಮ್ಮ ಕಚೇರಿಗೆ ಹೋದ ಕಾಗದಗಳು ಯಾವ ಮಹಡಿಯಲ್ಲಿ ಮೊಟ್ಟೆಯಿಡುತ್ತವೋ ಯಾರಿಗೂ ತಿಳಿಯದು.

ಮೊದಲೇ ಹೇಳಿಬಿಡುತ್ತೇನೆ, ನಾನು ಹದ್ದುಗಳ ಭಕ್ತೆಯಲ್ಲ. ನನ್ನ ಬೇಕರಿಯ ಅಟ್ಟದ ಮೇಲೆ ಪಾರಿವಾಳ ಸಾಕುತ್ತೇನೆ. ವಾಲ್ದೆಗಾರ್ಸಾ ಊರಿನ ಹಿಂದಿನ ಬಂಡೆಗೋಡೆಯಲ್ಲಿ ನಾನು ಚಿಕ್ಕವಳಿದ್ದಾಗ ಹದ್ದುಗಳಿದ್ದವು, ಆಮೇಲೆ ಇಲ್ಲವಾದವು. ಗುಂಡಿಗೆ ಕೆಲವು, ವಿಷಕ್ಕೆ ಕೆಲವು, ಉಳಿದವು ತಮ್ಮ ತಂತಿಗಳಿಗೆ ಬಲಿಯಾದವು. ನನ್ನ ಪಾರಿವಾಳಗಳು ಅದಕ್ಕಾಗಿ ಕಣ್ಣೀರು ಹಾಕಿದ್ದನ್ನು ನಾನು ನೋಡಿಲ್ಲ. ಹೀಗಿರುವಾಗ ತಮ್ಮ ಪರಿಸರ ಖಾತೆಗೆ ಜ್ಞಾನೋದಯವಾಯಿತು. ಕಳೆದುಹೋದ ಹದ್ದುಗಳನ್ನು ಮತ್ತೆ ತಂದು ಬಿಡಬೇಕೆಂದು ತೀರ್ಮಾನಿಸಿ, ಅರಾಂಚಾ ಎಂಬ ಹುಡುಗಿಯನ್ನು ಉತ್ತರದಿಂದ ಕಳಿಸಿದಿರಿ. ಬಂಡೆಯ ಗೂಡುಪೆಟ್ಟಿಗೆಯಲ್ಲಿ ಮರಿಗಳನ್ನಿಟ್ಟು, ಮನುಷ್ಯರ ಮುಖ ಕಾಣದ ಹಾಗೆ ಕೊಳವೆಯಲ್ಲಿ ಮಾಂಸ ಇಳಿಸಿ ಬೆಳೆಸುವುದು ಅವಳ ಕೆಲಸ. ನನ್ನ ಭಾವ ಫುಲ್ಹೆನ್ಸಿಯೊ, ಅಂದರೆ ಅಕ್ಕನ ಗಂಡ, ಊರಿನ ಬೇಟೆಗಾರರ ಸಂಘದ ಅಧ್ಯಕ್ಷ. ಹದ್ದಿನ ಈ ಜಾತಿಗೆ ನಮ್ಮ ಕಡೆ ಕೌಜುಗದ ಹದ್ದು ಎಂದೇ ಹೆಸರು. ಕೌಜುಗ ಹಕ್ಕಿಯನ್ನು ತಾನೇ ಹೊಡೆಯಬೇಕೆಂದು ಹುಟ್ಟಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನವಿದೆಯೇ?

"ನನ್ನ ಕೌಜುಗ ತಿನ್ನೋಕೆ ಸರ್ಕಾರ ಕಳ್ಳರನ್ನ ಸಾಕ್ತಿದೆ," ಎಂದು ಅವನು ಕಾಫಿ ಅಂಗಡಿಯಲ್ಲಿ ಕೂಗಾಡಿದ.

"ಮಾವ, ನಿಮ್ಮ ಗುರಿ ನೋಡಿದೀನಿ," ಎಂದಳು ಅರಾಂಚಾ. "ನಿಮ್ಮಿಂದ ತಪ್ಪಿಸಿಕೊಂಡ ಕೌಜುಗ ಮಾತ್ರ ತಿಂದರೂ ಹದ್ದಿನ ಇಡೀ ಸಂಸಾರ ದಪ್ಪ ಆಗುತ್ತೆ."

ಅಂಗಡಿಯೆಲ್ಲ ನಕ್ಕಿತು. ಭಾವನೂ ನಕ್ಕ. ಅವತ್ತಿನಿಂದ ಅವನು ಆ ಹುಡುಗಿಯ ಚೀಲ ಹೊರುವವನಾದ. ಬೇಟೆಗಾರರ ಸಂಘವನ್ನೇ ಕರೆದುಕೊಂಡು ಹೋಗಿ, ಹದ್ದುಗಳಿಗೆ ಆಹಾರವಾಗಲೆಂದು ಬಯಲಿನಲ್ಲಿ ಕಾಡುಮೊಲಗಳಿಗೆ ಕಲ್ಲಿನ ಬಿಲ ಕಟ್ಟಿಸಿದ.

ಬಿಟ್ಟ ಮರಿಗಳಲ್ಲಿ ಒಂದು ಹೆಣ್ಣು ಬೆಳೆದು ದೊಡ್ಡದಾಗಿ, ಎಲ್ಲೆಲ್ಲೋ ಅಲೆದು, ನಮ್ಮ ಬಂಡೆಗೇ ಮರಳಿತು. ಜೊತೆಗೆ ಎಲ್ಲಿಂದಲೋ ಒಂದು ಗಂಡನ್ನೂ ಕರೆತಂದಿತು. ಆ ಹೆಣ್ಣಿಗೆ ಬ್ರಿಹಿದಾ ಎಂದು ಹೆಸರಿಟ್ಟವನು ನನ್ನ ಭಾವ. ಬ್ರಿಹಿದಾ ನನ್ನ ಸತ್ತುಹೋದ ಅಮ್ಮ, ಅವನ ಅತ್ತೆ.

"ಅದೇ ಮೂಗು, ಅದೇ ನೋಟ," ಎಂದ ಅವನು. "ನಾನು ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ನೋಡ್ತಾಳೆ."

ನನ್ನ ಅಕ್ಕ ಅವನೊಡನೆ ವಾರಗಟ್ಟಲೆ ಮಾತು ಬಿಟ್ಟಳು. ಆದರೆ ಆ ಹೆಸರು ಊರಿಗೆ ಅಂಟಿಕೊಂಡಿತು. ನನ್ನ ಪಾರಿವಾಳಗಳಲ್ಲಿ ಎಲ್ಲಕ್ಕಿಂತ ಚೆಂದದ ಬಿಳಿ ಜೋಡಿಯನ್ನು ಆಕೆ ಹಗಲುಹೊತ್ತೇ ಎತ್ತಿಕೊಂಡು ಹೋದಳು. ನಾನು ಅಂಗಳದಲ್ಲಿ ನಿಂತು ಬೈದ ಬೈಗುಳವನ್ನು ಪತ್ರಿಕೆಯವರು ಅಚ್ಚು ಹಾಕಲಾರರು. ಆದರೂ ಮಾನ್ಯರೇ, ಬೆಳಗಿನ ಬ್ರೆಡ್ ಇಳಿಸಿ ಬಾಗಿಲಿಗೆ ಬಂದು ನಿಂತಾಗ ಆ ಜೋಡಿ ಬಂಡೆಯ ಮೇಲೆ ಒಂದರ ಹಿಂದೊಂದು ಏರಿ, ರೆಕ್ಕೆ ಮಡಚಿ ಕಲ್ಲಿನಂತೆ ಬಿದ್ದು, ಮತ್ತೆ ಏರುವುದನ್ನು ನೋಡುತ್ತಾ ಗಿರಾಕಿಗಳನ್ನು ಕಾಯಿಸಿದ್ದೇನೆ. ಗಿರಾಕಿಗಳೂ ತಿರುಗಿ ನಿಂತು ಅದನ್ನೇ ನೋಡುತ್ತಿದ್ದರು.

ಈಗ ಕಂಬಕ್ಕೆ ಬರೋಣ. ಬಯಲಿನಲ್ಲಿ ಮರವಿಲ್ಲ. ತಮ್ಮ ಪರಿಸರ ಖಾತೆ ಮೊಲದ ಬಿಲಗಳಿಗೆ ಜಾಗ ಗುರುತು ಮಾಡಿಕೊಟ್ಟದ್ದು ಎಲ್ಲಿ? ತಮ್ಮ ವಿದ್ಯುತ್ ಖಾತೆಯ ಹಳೇ ತಂತಿಮಾರ್ಗದ ಅಡಿಯಲ್ಲೇ. ಕಬ್ಬಿಣದ ಕಂಬ, ಅದರ ತಲೆಗೆ ಕಬ್ಬಿಣದ ಅಡ್ಡಪಟ್ಟಿ, ಅದರಿಂದ ಒಂದು ರೆಕ್ಕೆ ದೂರದಲ್ಲಿ ಬೆತ್ತಲೆ ತಂತಿ. ಮೊಲ ಹುಡುಕುವ ಹದ್ದು ಬಂದು ಕೂರುವುದಕ್ಕೆ ಮೈಲಿಗಟ್ಟಲೆ ಬೇರೆ ಜಾಗವೇ ಇಲ್ಲ. ತಮ್ಮ ಒಂದು ಕೈ ಊಟ ಬಡಿಸಿತು, ಇನ್ನೊಂದು ಕೈ ಅದೇ ಊಟದೆದುರು ಕರೆಂಟು ಹರಿಯುವ ಕುರ್ಚಿ ಹಾಕಿತು. ಎರಡೂ ಕೈಗಳಿಗೆ ಸಹಿ ಮಾಡುವ ಪೆನ್ನು ಮಾತ್ರ ಒಂದೇ. ಅರಾಂಚಾ ಇದನ್ನು ತಮಗೆ ಬರೆದಿದ್ದಳು. ಮತ್ತೆ ಬರೆದಳು. 'ಗಮನಿಸಲಾಗಿದೆ' ಎಂದು ಉತ್ತರ ಬಂತು. ಗಮನಿಸುವುದರಲ್ಲಿ ತಮ್ಮನ್ನು ಮೀರಿಸುವವರಿಲ್ಲ.

ಏಪ್ರಿಲ್‌ನಲ್ಲಿ ನನ್ನ ಮಗಳು ಕಾಸಿಲ್ದಾಳ ಮದುವೆ. ಊರಿನ ಸಭಾಭವನದಲ್ಲಿ ಮಧ್ಯಾಹ್ನದ ಊಟ, ಒಲೆಯಲ್ಲಿ ಕುರಿಮರಿ, ವೇದಿಕೆಯಲ್ಲಿ ವಾದ್ಯದವರು. ಹುಡುಗನ ತಾಯಿ ಪಟ್ಟಣದವರು, ಮೊದಲ ಸಲ ನಮ್ಮೂರಿಗೆ ಬಂದವರು, ಟೋಪಿಯಲ್ಲಿ ಒಂದು ಗರಿ ಸಿಕ್ಕಿಸಿಕೊಂಡು ಕೂತಿದ್ದರು. ಬಡಿಸುವ ಹೊತ್ತಿಗೆ ಕರೆಂಟು ಹೋಯಿತು. ವಾದ್ಯ ಅರ್ಧಕ್ಕೆ ನಿಂತಿತು, ಕರೆಂಟಿನ ಒಲೆ ಆರಿತು. ಬೀಗಿತ್ತಿ ನನ್ನ ಕಡೆ ತಿರುಗಿ, "ಇಲ್ಲಿ ಹೀಗೇನಾ ಯಾವಾಗಲೂ?" ಎಂದರು. ನಾನು ತಮ್ಮ ಇಲಾಖೆಯ ಮಾನ ಉಳಿಸಲು ನಗುತ್ತಾ ಏನೋ ಹೇಳುತ್ತಿದ್ದೆ. ಅಷ್ಟರಲ್ಲಿ ಮದುವೆಗೆ ಬಂದಿದ್ದ ಅರಾಂಚಾ ಫೋನು ತೆಗೆದು ನೋಡಿದಳು. ಬ್ರಿಹಿದಾಳ ಬೆನ್ನಿಗೆ ಕಟ್ಟಿದ್ದ ಯಂತ್ರ ಅವಳೆಲ್ಲಿದ್ದಾಳೆಂದು ಆ ಫೋನಿಗೆ ತಿಳಿಸುತ್ತಿತ್ತು. ಬಯಲಿನ ಕಂಬದ ಬುಡದಲ್ಲಿ ಅವಳ ಗುರುತು ಅಲುಗಾಡದೆ ನಿಂತಿತ್ತು. ಭಾವ ಗಾಡಿಯ ಕೀಲಿ ತೆಗೆದುಕೊಂಡ. ನಾನೂ ಹತ್ತಿದೆ. ಮಗಳ ಮದುವೆಯೂಟ ಬಿಟ್ಟು ಯಾಕೆ ಹೋದೆ ಎಂದು ಬೀಗಿತ್ತಿ ಇಂದಿಗೂ ಕೇಳುತ್ತಾರೆ. ನನಗೂ ಸರಿಯಾಗಿ ಗೊತ್ತಿಲ್ಲ.

ಅವಳು ಕಂಬದ ಬುಡದಲ್ಲಿ ಬಿದ್ದಿದ್ದಳು. ಒಂದು ಕಾಲು ಸುಟ್ಟು ಕರಿಯಾಗಿತ್ತು, ರೆಕ್ಕೆಯೊಂದು ತೆರೆದೇ ಇತ್ತು. ಪಕ್ಕದಲ್ಲಿ ಅರ್ಧ ತಿಂದ ಮೊಲ. ಮೇಲೆ ಗಂಡು ಸುತ್ತುತ್ತಿತ್ತು. ಬೇಟೆಗಾರರ ಸಂಘದ ಅಧ್ಯಕ್ಷ, ಜೀವಮಾನವಿಡೀ ಸತ್ತ ಹಕ್ಕಿಗಳನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದವನು, ಮದುವೆಗೆಂದು ಹೊಲಿಸಿದ ಕೋಟು ಬಿಚ್ಚಿ ಅವಳ ಮೇಲೆ ಹೊದಿಸಿದ.

"ಮುಟ್ಟಬೇಡಿ ಮಾವ, ಅರಣ್ಯದವರು ಬಂದು ಬರ್ಕೋಬೇಕು," ಎಂದಳು ಅರಾಂಚಾ. ಅಳುತ್ತಿದ್ದಳು.

"ಮುಟ್ಟಿಲ್ಲಮ್ಮ," ಎಂದ ಭಾವ. "ಹೊದಿಸಿದೀನಿ ಅಷ್ಟೇ. ನಮ್ಮ ಅತ್ತೆಗೆ ಚಳಿ ಆಗ್ತಿರಲಿಲ್ಲ, ಆದರೂ."

ಅವನು ನನ್ನ ಅಮ್ಮನ ಸಾವಿಗೆ ಅತ್ತವನಲ್ಲ. ಅವತ್ತು ಅತ್ತ.

ಅರಣ್ಯದವರಿಗಿಂತ ಮೊದಲು ತಮ್ಮ ಲೈನ್‌ಮನ್ ಬಂದ, ಅದನ್ನು ಮೆಚ್ಚಲೇಬೇಕು. ಹಕ್ಕಿಯನ್ನು ನೋಡಿದ, ಟೋಪಿ ತೆಗೆದ, ಮತ್ತೆ ಹಾಕಿಕೊಂಡು ಕಂಬ ಹತ್ತಿ ಫ್ಯೂಸು ಬದಲಿಸಿದ.

"ಹತ್ತಿದ್ದೇ ಹತ್ತಿದೆ, ತಂತಿಗೊಂದು ಹೊದಿಕೆ ಹಾಕಿ ಇಳಿಯಪ್ಪ," ಎಂದೆ.

"ಹೊದಿಕೆ ವ್ಯಾನಲ್ಲೇ ಇದೆ ಅಕ್ಕ," ಎಂದ. "ಆರ್ಡರ್ ಇಲ್ಲ."

ಮಾನ್ಯರೇ, ಈ ವಾಕ್ಯವನ್ನು ತಮ್ಮ ಕಚೇರಿಯ ಹೆಬ್ಬಾಗಿಲ ಮೇಲೆ ಕೆತ್ತಿಸಿಕೊಳ್ಳಬಹುದು. ಸಭಾಭವನದಲ್ಲಿ ದೀಪ ಹತ್ತಿತು, ಕುರಿಮರಿ ಬೆಂದಿತು. ಕಂಬವೂ ಮುಂದಿನ ಹಕ್ಕಿಗೆ ಸಿದ್ಧವಾಗಿ ನಿಂತಿತು.

ಆ ಮುಂದಿನ ಹಕ್ಕಿ ಯಾವುದೆಂಬುದು ನಮಗೆಲ್ಲ ಗೊತ್ತಿತ್ತು. ಗೂಡಿನಲ್ಲಿ ಒಂದು ಮರಿಯಿತ್ತು, ಇನ್ನೂ ಬಿಳಿ ತುಪ್ಪಳದ್ದು. ಇನ್ನು ಮೇಲೆ ಗಂಡು ಹದ್ದೊಂದೇ ಬೇಟೆಯಾಡಬೇಕು. ಬೇಟೆಯಾಡಲು ಅದು ಬಯಲಿಗೇ ಬರಬೇಕು, ಬಂದರೆ ಕಂಬದ ಮೇಲೆಯೇ ಕೂರಬೇಕು. ಅದು ಸತ್ತರೆ ಮರಿಯೂ ಸತ್ತ ಹಾಗೆ. ಮದುವೆಯ ಸಿಹಿ ಸೀರಣಿಯ ಡಬ್ಬಿ ಕಂಕುಳಲ್ಲಿಟ್ಟುಕೊಂಡು ನಾನೇ ತಮ್ಮ ಕಚೇರಿಗೆ ಬಂದೆ. ಮೂರನೇ ಮಹಡಿ ಪರಿಸರ ಖಾತೆ. ಗೋಡೆಯ ತುಂಬಾ ಹದ್ದಿನ ಚಿತ್ರ. ಅಲ್ಲಿದ್ದ ಯುವಕ ನಿಜಕ್ಕೂ ನೊಂದುಕೊಂಡ, ಎರಡು ಸೀರಣಿ ತಿಂದ, ಕಂಬದ ವಿಷಯ ನಾಲ್ಕನೇ ಮಹಡಿಗೆ ಸೇರಿದ್ದೆಂದ. ನಾಲ್ಕನೇ ಮಹಡಿ ವಿದ್ಯುತ್ ಖಾತೆ. ಅಲ್ಲಿದ್ದ ಹಿರಿಯರು ಸೀರಣಿ ಮುಟ್ಟಲಿಲ್ಲ.

"ಅದು ನಿಯಮ ಬರೋಕ್ಕೆ ಮುಂಚೆ ನೆಟ್ಟ ಕಂಬ ಅಮ್ಮಾ," ಎಂದರು. "ಹಕ್ಕಿಗೆ ಅಪಾಯ ಆಗಬಾರದು ಅನ್ನೋ ನಿಯಮ ಹೊಸ ಕಂಬಕ್ಕೆ."

"ಹಳೇ ಕಂಬ ಯಾವುದು, ಹೊಸ ಕಂಬ ಯಾವುದು ಅಂತ ಹದ್ದಿಗೆ ಹೇಗೆ ಗೊತ್ತಾಗುತ್ತೆ ಸ್ವಾಮಿ?"

"ಅದು ಹಕ್ಕಿ ವಿಷಯ. ಮೂರನೇ ಮಹಡಿಯಲ್ಲಿ ಕೇಳಿ."

ತಾವು ಐದನೇ ಮಹಡಿಯಲ್ಲಿದ್ದೀರಂತೆ, ಆದರೆ ಸಭೆಯಲ್ಲಿದ್ದೀರಂತೆ. ಮೂರು ಮತ್ತು ನಾಲ್ಕನೇ ಮಹಡಿಗಳ ನಡುವೆ ಮೆಟ್ಟಿಲಿದೆ ಎಂಬುದನ್ನು ನಾನು ನನ್ನ ಮೊಣಕಾಲಿನ ಸಾಕ್ಷಿಯಾಗಿ ಹೇಳಬಲ್ಲೆ. ಅದನ್ನು ತಮ್ಮ ಸಿಬ್ಬಂದಿಗೆ ಯಾರಾದರೂ ತೋರಿಸಿದ್ದಾರೆಯೇ?

ನಾನು ಬರಿಗೈಲಿ ಹಿಂತಿರುಗಿದ ಮೇಲೆ ಊರು ಎರಡು ಕೆಲಸ ಹಿಡಿಯಿತು. ಮೊದಲನೆಯದಕ್ಕೆ ಅರಾಂಚಾ ತಮ್ಮ ಮೂರನೇ ಮಹಡಿಯಿಂದಲೇ ಒಪ್ಪಿಗೆ ತಂದಳು: ಗೂಡಿನೆದುರಿನ ಬಂಡೆಯ ಮೇಲೆ ಗಂಡು ಹದ್ದಿಗೆ ಆಹಾರ ಇಡುವುದು. ಮೊಲ ಭಾವನದು. ಪಾರಿವಾಳ ನನ್ನದು. ಕೊಟ್ಟೆ, ಮಾನ್ಯರೇ. ಬೈಯುತ್ತಲೇ ಕೊಟ್ಟೆ. ಆದರೆ ಹದ್ದು ಭಿಕ್ಷೆ ತಿಂದು ಸುಮ್ಮನಿರುವ ಪ್ರಾಣಿಯಲ್ಲ, ಬಯಲಿಗೂ ಬಂದೇ ಬರುತ್ತಿತ್ತು. ಹಾಗಾಗಿ ಎರಡನೆಯ ಕೆಲಸ. ಕಂಬದ ಕೆಳಗೆ ಒಂದು ಬೆಂಚು ಹಾಕಿ, ಬೆಳಕು ಹರಿದಾಗಿನಿಂದ ಮುಳುಗುವವರೆಗೆ ಸರದಿಯಂತೆ ಕೂತೆವು. ಹದ್ದು ಕಂಬದತ್ತ ಇಳಿದರೆ ಸದ್ದು ಮಾಡುವುದು, ಅದು ತಿರುಗಿ ಹೋಗುವುದು. ನಾನು ತಟ್ಟೆ ಬಡಿದೆ. ಪಾದ್ರಿಗಳು ಪೂಜೆಯ ಕೈಗಂಟೆ ತಂದರು. ಮಧುಚಂದ್ರಕ್ಕೆ ಸಮುದ್ರಕ್ಕೆ ಹೋಗಬೇಕಾಗಿದ್ದ ನನ್ನ ಮಗಳು ಅಳಿಯನನ್ನು ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂತಳು. ಕಡೆಗೆ ಆ ಬೀಗಿತ್ತಿಯೂ ಬಂದರು, ಗರಿಯ ಟೋಪಿಯಿಲ್ಲದೆ.

"ಹಾಗಲ್ಲ ಬಡಿಯೋದು, ಕೊಡಿ ಇಲ್ಲಿ," ಎಂದು ನನ್ನ ಕೈಯಿಂದ ತಟ್ಟೆ ಕಿತ್ತುಕೊಂಡರು. ನಮ್ಮಿಬ್ಬರ ಬೀಗತನ ಶುರುವಾದದ್ದು ಅಲ್ಲಿಂದ.

ಆಗ ತಮ್ಮ ಅರಣ್ಯ ಕಾವಲುಗಾರ ಬಂದ. ಪಾಪ, ಒಳ್ಳೆಯವನು, ಗುರುವಾರದ ಬ್ರೆಡ್ ನನ್ನಲ್ಲೇ ಒಯ್ಯುತ್ತಾನೆ. ಜೇಬಿನಿಂದ ಪುಸ್ತಕ ತೆಗೆದ.

"ಲಿಯೊಕಾದಿಯಾ ಅಕ್ಕ, ಸಂರಕ್ಷಿತ ಹಕ್ಕಿ ಹೆದರಿಸೋ ಹಾಗಿಲ್ಲ. ಮೇಲಿಂದ ಫೋನ್ ಬಂದಿದೆ. ನಾನು ಬರೀಲೇಬೇಕು."

"ಬರ್ಕೋಪ್ಪ," ಎಂದೆ. "ಆದರೆ ಹದ್ದು ಬರ್ತಿದೆ, ಈ ತಟ್ಟೆ ಒಂದು ಸ್ವಲ್ಪ ಹಿಡ್ಕೋ."

ಅವನು ಹಿಡಿದುಕೊಂಡ. ಬಡಿದನೋ ಇಲ್ಲವೋ ನಾನು ನೋಡಲಿಲ್ಲ. ಹದ್ದಂತೂ ತಿರುಗಿ ಹೋಯಿತು.

ಹೀಗೆ ತಮ್ಮ ನೋಟಿಸು ಹುಟ್ಟಿತು. ಹಕ್ಕಿಯನ್ನು ಕೊಂದರೆ ಅಪಘಾತ, ಉಳಿಸಿದರೆ ಕಿರುಕುಳ. ಕಂಬ ಕೊಂದದ್ದಕ್ಕೆ ನಿಯಮವಿಲ್ಲ, ಬೇಕರಿಯವಳು ಬಡಿದದ್ದಕ್ಕೆ ಇದೆ. ತಾವು ದೂರದೂರದ ದೇಶಗಳವರನ್ನು ಕರೆದು, ಹದ್ದುಗಳು ಮರಳಿ ಬಂದ ಕಥೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದಿರೆಂದು ಓದಿದೆ. ಆ ಚಿತ್ರದಲ್ಲಿ ಹಾರುತ್ತಿರುವವಳು ಬ್ರಿಹಿದಾ. ಅವಳು ಈಗ ಎಲ್ಲಿದ್ದಾಳೆಂದು ಆ ಅತಿಥಿಗಳಲ್ಲಿ ಒಬ್ಬರಾದರೂ ಕೇಳಿದರೇ? ಕೇಳಿದ್ದರೆ ತಾವು ಯಾವ ಮಹಡಿಗೆ ಕಳಿಸುತ್ತಿದ್ದಿರಿ?

ಕಳೆದ ಭಾನುವಾರ ಮರಿ ಹಾರಿತು. ಬಂಡೆಯ ಅಂಚಿನಲ್ಲಿ ಅದು ಮುಂದೆ ಬಾಗಿ, ಹಿಂದೆ ಸರಿದು, ಮತ್ತೆ ಬಾಗಿ ಎಷ್ಟು ಹೊತ್ತು ಸತಾಯಿಸಿತೆಂದರೆ ಪಾದ್ರಿಗಳು ಪೂಜೆಗೆ ತಡಮಾಡಿದರು, ಪೂಜೆಗೆ ಬರಬೇಕಾದವರೂ ಅಲ್ಲೇ ಇದ್ದದ್ದರಿಂದ ಯಾರೂ ತಪ್ಪು ತಿಳಿಯಲಿಲ್ಲ. ಆಮೇಲೆ ಗಾಳಿ ಎತ್ತಿಕೊಂಡಿತೋ, ಅದೇ ಜಿಗಿಯಿತೋ, ಕುಡಿದವನ ಹಾಗೆ ತೂರಾಡುತ್ತಾ ಹೋಗಿ ಎದುರು ಗುಡ್ಡದ ಪೊದೆಯಲ್ಲಿ ಬಿತ್ತು. ನಾವು ಚಪ್ಪಾಳೆ ತಟ್ಟಿದೆವು. ಅದನ್ನೂ ನೋಟಿಸಿಗೆ ಸೇರಿಸಿಕೊಳ್ಳಬಹುದು. ಭಾವ ಮಾತ್ರ ತಟ್ಟಲಿಲ್ಲ. ಅವನು ಗುಡ್ಡದಿಂದಾಚೆ ಬಯಲಿನುದ್ದಕ್ಕೂ ಸಾಲುಗಟ್ಟಿ ನಿಂತ ಕಂಬಗಳನ್ನು ನೋಡುತ್ತಿದ್ದ.

"ಒಂದು ಕಂಬಕ್ಕೆ ಒಂದು ಬೆಂಚು ಹಾಕಬಹುದು ಲಿಯೊಕಾದಿಯಾ," ಎಂದ. "ಊರಲ್ಲಿ ಅಷ್ಟು ಜನ ಎಲ್ಲಿದೀವಿ?"

ನಾವು ಅಷ್ಟು ಜನ ಇಲ್ಲ, ಮಾನ್ಯರೇ. ಇದ್ದ ಗಂಡು ಹದ್ದು ನಮ್ಮ ಗಲಾಟೆಗೆ ಬೇಸತ್ತು ಆ ಕಂಬದ ಆಸೆ ಬಿಟ್ಟಿದೆ. ಮರಿಗೆ ಈ ಯಾವುದೂ ಗೊತ್ತಿಲ್ಲ. ಅದಕ್ಕೆ ರೆಕ್ಕೆ ಬಲಿಯಲು ಇನ್ನು ಕೆಲವೇ ದಿನ ಸಾಕು, ಎತ್ತರದ ಜಾಗ ಕಂಡಲ್ಲೆಲ್ಲ ಕೂರುತ್ತದೆ. ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಫಲಕ ಬೇಡ, ಸಮಾರಂಭ ಬೇಡ, ಸಂತಾಪವೂ ಬೇಡ. ಬಯಲಿನ ಆ ಸಾಲಿನ ಕಂಬಗಳ ತಂತಿಗೆ ಈ ವಾರವೇ ಹೊದಿಕೆ ಹಾಕಿಸಿ. ಹೊದಿಕೆ ವ್ಯಾನಿನಲ್ಲಿದೆ, ಹತ್ತುವವನಿಗೆ ಹತ್ತಲು ಬರುತ್ತದೆ, ಇಲ್ಲದಿರುವುದು ತಮ್ಮದೊಂದು ಸಹಿ. ಹಾಕಿದ ದಿನ ನಾನಾಗಿಯೇ ಬಂದು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ, ತಾವು ಹೇಳಿದ ಶಿಕ್ಷೆ ಅನುಭವಿಸುತ್ತೇನೆ. ಅಲ್ಲಿಯವರೆಗೆ ಬಡಿಯುತ್ತಿರುತ್ತೇನೆ. ನಾಳೆ ಬೆಳಗಿನ ಸರದಿ ನನ್ನದು. ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ, ತಾವು ಬಂದು ಕೂರಬಹುದು.

ಇಂತಿ,
ತನ್ನ ಬಿಳಿ ಪಾರಿವಾಳಗಳನ್ನು ತಿಂದವಳ ಮಗುವಿಗಾಗಿ ಉಳಿದ ಪಾರಿವಾಳಗಳನ್ನೂ ಒಪ್ಪಿಸಿದ ಪೆದ್ದಿ,
ಲಿಯೊಕಾದಿಯಾ, ಬೇಕರಿಯವಳು
ವಾಲ್ದೆಗಾರ್ಸಾ