ಖರಿ ಕಮಾಯಿ ಕಾರ್ಡು

ಹಾನಗಲ್,
ಗುರುವಾರ, ೧೨ ಡಿಸೆಂಬರ್ ೨೦೨೪

ಪ್ರೀತಿಯ ಫಕ್ಕೀರೇಶಣ್ಣಾ,

ವಾಸ್ಕೋ ಬಂದರಿನಲ್ಲಿ ಮೂಟೆ ಹೊತ್ತು ನಿನ್ನ ಮೊಣಕಾಲು ಬಾತಿದೆ ಎಂದು ವೈನಿ ಹೇಳಿದ್ದಳು. ಬಾವು ಇಳಿಯಿತೇ? ವೈನಿಯ ಕೆಮ್ಮು ಹೇಗಿದೆ? ಇಬ್ಬರೂ ಔಷಧಿ ಅರ್ಧಕ್ಕೇ ಬಿಡುವವರು, ನನಗೆ ಗೊತ್ತು. ಇಲ್ಲಿ ಸಮತಾ ಆರೋಗ್ಯವಾಗಿದ್ದಾಳೆ. ನಿನ್ನ ಮಗಳು ಈಗ ನನ್ನ ಭುಜಕ್ಕಿಂತ ಎತ್ತರ, ಮಾತಿನಲ್ಲಿ ಅದಕ್ಕಿಂತಲೂ ಎತ್ತರ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅರ್ಧ ಕೇಳಿದ ಕೂಡಲೇ ನೀನು ಬಸ್ಸು ಹತ್ತುವ ಮನುಷ್ಯ. ಪೂರ್ತಿ ಓದಲಿ ಎಂದೇ ಕಾಗದ ಬರೆದು ಲಾರಿ ಡ್ರೈವರ್ ಶಹಾಬುದ್ದೀನನ ಕೈಯಲ್ಲಿ ಕಳಿಸುತ್ತಿದ್ದೇನೆ.

ನನ್ನ ಶಾಲೆಯ ಗೈಡ್ ಹುಡುಗಿಯರ ವಿಷಯ ನಿನಗೆ ಗೊತ್ತಲ್ಲ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕು ಸೇರಿ ನಮ್ಮದೊಂದು ಸ್ಕೌಟ್ ಗೈಡ್ ಬಳಗ. ವರ್ಷಕ್ಕೊಂದು ಶಿಬಿರ. ನೂರಿಪ್ಪತ್ತು ಮಕ್ಕಳು, ನಾಲ್ಕು ದಿನ, ಡೇರೆ, ಅಡುಗೆ, ಪುರಸ್ಕಾರದ ಪರೀಕ್ಷೆ. ಇದು ಹೇಗೆ ನಡೆಯುತ್ತದೆ ಎಂದು ಕೇಳಿದರೆ ನಗು ಬರುತ್ತದೆ. ಸರ್ಕಾರದ ಅನುದಾನ ಮಾರ್ಚಿ ಮುಗಿಯುವಾಗ ಬರುತ್ತದೆ, ಶಿಬಿರ ಡಿಸೆಂಬರಿನಲ್ಲಿ. ಮಕ್ಕಳ ಫೀ ಬಸ್ಸಿನ ಡೀಸೆಲ್ಲಿಗೂ ಸಾಲದು. ಸವಣೂರಿನ ಸ್ಕೌಟ್ ಮಾಸ್ತರ ಪೀರಸಾಬರು ಪ್ರತಿ ಸಭೆಯಲ್ಲೂ ಅದೇ ಮಾತು ಆಡುತ್ತಾರೆ: "ಗಂಟು ಕಲಿಸಿ ಕಲಿಸಿ ಇದ್ದ ಹಗ್ಗಾನೂ ಸವದಾವ್ರಿ ಅಕ್ಕಾರ. ಇನ್ನ ಜುಟ್ಟಿಗೇ ಗಂಟು ಹಾಕಬೇಕು, ಅದೂ ನನಗಿಲ್ಲ." ಉಳಿದದ್ದೆಲ್ಲ ನಿಂತಿರುವುದು ಬಳಗದ ಅಧ್ಯಕ್ಷ ಕುಬೇರಪ್ಪನ ಮೇಲೆ. ರೈಸ್ ಮಿಲ್ಲಿನ ಮಾಲೀಕ. ಅಕ್ಕಿ ಅವನದು, ಬೇಳೆ ಅವನದು, ಬ್ಯಾನರಿನಲ್ಲಿ ಎಲ್ಲರಿಗಿಂತ ದೊಡ್ಡ ಮುಖವೂ ಅವನದೇ.

ಇನ್ನೊಂದು ದಾರಿ ಖರಿ ಕಮಾಯಿ. ಅಂದರೆ ಮಕ್ಕಳು ಸಮವಸ್ತ್ರ ಹಾಕಿ ಮನೆಮನೆಗೆ ಹೋಗಿ ಕೆಲಸ ಮಾಡಿ ಶಿಬಿರಕ್ಕೆ ದುಡಿಯುವ ವಾರ. ಒಬ್ಬೊಬ್ಬರಿಗೂ ಒಂದು ಕಾರ್ಡು. ಯಾವ ಕೆಲಸ, ಎಷ್ಟು ರೊಕ್ಕ ಎಂದು ಬರೆದು ಮನೆಯವರು ಸಹಿ ಮಾಡುತ್ತಾರೆ. ಶಿಬಿರದ ಮೊದಲ ದಿನ ಆ ಕಾರ್ಡುಗಳನ್ನೆಲ್ಲ ಒಂದು ಹಲಗೆಗೆ ಚುಚ್ಚಿ ಊರಿಗೆ ತೋರಿಸುತ್ತೇವೆ. ಇದರಲ್ಲಿ ಒಂದೇ ಕಟ್ಟುನಿಟ್ಟು: ಮಾಡಿದ ಕೆಲಸಕ್ಕೆ ರೊಕ್ಕ, ದಾನ ಮುಟ್ಟಬಾರದು. ಇದನ್ನು ಪ್ರತಿ ವರ್ಷ ಮಕ್ಕಳ ತಲೆಗೆ ಮೊಳೆ ಹೊಡೆದಂತೆ ಹೊಡೆಯುವವಳು ನಾನೇ.

ಈ ಸಲ ಸಮತಾಳನ್ನು ಕುಬೇರಪ್ಪನ ಮನೆಗೆ ಕಳಿಸಿದವಳೂ ನಾನೇ. ಬೈದುಕೋ ಅಣ್ಣಾ. ನೀಲಿ ಸಮವಸ್ತ್ರ, ಕೊರಳಿಗೆ ಸ್ಕಾರ್ಫು, ಎದೆಯ ಮೇಲೆ ಬಿಲ್ಲೆ ಇದ್ದರೆ ಜಾತಿ ಕಾಣಿಸುವುದಿಲ್ಲ ಎಂದು ನಂಬಿದ್ದೆ. ತಹಶೀಲ್ದಾರರ ಕಚೇರಿ ಮುಂದೆ ನಿನ್ನ ಜೊತೆ ಗಂಟಲು ಹರಿಯುವಂತೆ ಘೋಷಣೆ ಕೂಗಿದವಳು, ಎರಡು ಮೀಟರ್ ಬಟ್ಟೆಯನ್ನು ನಂಬಿದೆ.

ಕುಬೇರಪ್ಪನ ತಾಯಿ ಹೊನ್ನವ್ವ ಮೊದಲು ಅಕ್ಕರೆಯಿಂದಲೇ ಕರೆದರಂತೆ. "ಎಷ್ಟ್ ಚಂದ ಕಾಣ್ತೀಯವಾ ಈ ಡ್ರೆಸ್ಸಿನ್ಯಾಗ" ಎಂದು ಕೆನ್ನೆ ಸವರಿದರಂತೆ. ಅಂಗಳದ ನಳದಿಂದ ಅಡುಗೆಮನೆಯ ತಾಮ್ರದ ಹಂಡೆಗೆ ಎಂಟು ಕೊಡ ಕುಡಿಯುವ ನೀರು ತುಂಬಿಸಿದರು. ಕಾರ್ಡಿನಲ್ಲಿ "ನೀರು ತುಂಬಿದ್ದು, ಐವತ್ತು ರೂಪಾಯಿ" ಎಂದು ತಾವೇ ಬರೆದು ಸಹಿ ಮಾಡಿ ನೋಟು ಕೊಟ್ಟರು. ಆಮೇಲೆ ಕೇಳಿದರು, "ಯಾರ ಮಗಳವಾ ನೀ? ಯಾವ ಓಣ್ಯಾಗಿರ್ತೀ?" ಇವಳು ಹೇಳಿದಳು. ಯಾಕೆ ಹೇಳಬಾರದು? ಅಜ್ಜ ಮಾರೆಪ್ಪನ ಹೆಸರನ್ನೂ ಸೇರಿಸಿ ಹೇಳಿದಳು. ಮುದುಕಿ ಎದ್ದು ಒಳಗೆ ಹೋದರು. ಇವಳು ಹೊಸ್ತಿಲ ಹೊರಗೆ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಒಳಗಿಂದ ಕೆಲಸದಾಕೆಗೆ ಹೇಳುವ ದನಿ ಬಂತು: "ಎಲ್ಲಾ ಚೆಲ್ಲಿಬಿಡು. ಹುಣಸಿಹಣ್ಣು ಹಚ್ಚಿ ಹಂಡೆ ತಿಕ್ಕು."

ನೀನಾಗಿದ್ದರೆ ಕೂಗಾಡುತ್ತಿದ್ದೆ. ನಾನಾಗಿದ್ದರೆ ಮನೆಗೆ ಬಂದು ಅಳುತ್ತಿದ್ದೆ. ಇವಳು ತಿರುಗಿ ಹೋಗಿ ನೋಟನ್ನು ಹೊಸ್ತಿಲ ಮೇಲೆ ಇಟ್ಟಳು. "ಅಜ್ಜಿ, ನಾ ತುಂಬಿದ ನೀರು ಚೆಲ್ಲಿದ್ರಿ. ಕೆಲಸಾನ ಉಳೀಲಿಲ್ಲ ಅಂದಮ್ಯಾಲೆ ಈ ರೊಕ್ಕ ದಾನ ಆಕ್ಕೈತಿ. ನಮಗ ದಾನ ತಗೊಳ್ಳಾಕ ಬರಂಗಿಲ್ರಿ." ಅಷ್ಟೇ. ಅಲ್ಲೇ ಕಟ್ಟೆಯ ಮೇಲೆ ಕೂತು, ಹೊನ್ನವ್ವನ ಸಹಿಯ ಕೆಳಗೆ ಬರೆದಳು: "ನೀರು ಚೆಲ್ಲಿದರು. ಹಣ ಹಿಂದಕ್ಕೆ ಕೊಟ್ಟೆ." ಸಂಜೆ ಎಲ್ಲರಂತೆ ತನ್ನ ಕಾರ್ಡನ್ನೂ ನನ್ನ ಕೈಗೆ ಕೊಟ್ಟಳು.

ಆ ಕಾರ್ಡು ನೋಡಿದಾಗಿನಿಂದ ನನಗೆ ಊಟ ಸೇರಿಲ್ಲ. ಹೆಮ್ಮೆ ಆಗಲಿಲ್ಲವೇ ಎಂದು ಕೇಳಬೇಡ. ಆಯಿತು. ಆದರೆ ಹೆಮ್ಮೆಗಿಂತ ಮೊದಲು ಹೆದರಿಕೆ ಬಂತು.

ಸೋಮವಾರ ಬಳಗದ ಕಾರ್ಯದರ್ಶಿ ಉಳಿವೆಪ್ಪ ಶಾಲೆಗೆ ಬಂದ. ಚಹಾ ಕುಡಿದ, ನಕ್ಕ. "ಟೀಚರ್, ದೊಡ್ಡದು ಮಾಡೂದು ಬ್ಯಾಡ್ರಿ. ಹುಡುಗಿ ಬಂದು ತಪ್ಪಾತು ಅಂದ್ರ ಸಾಕು. ಆ ಕಾರ್ಡ್ ನಮಗ ಕೊಡ್ರಿ. ಇಲ್ಲಂದ್ರ ಅಕ್ಕಿ ಬರೂದಿಲ್ಲ, ಶಿಬಿರಾನೂ ಇಲ್ಲ." ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದ: "ನಿಮ್ಮ ಹುಡುಗಿ ಸೈಕಲ್ ಮ್ಯಾಲೆ ಒಬ್ಬಾಕೀನ ಓಡ್ಯಾಡ್ತಾಳ. ಕಾಲ ಸುಮಾರೈತ್ರಿ." ಅಂದು ಸಂಜೆಯಿಂದಲೇ ಒಂದು ಮೋಟರ್ ಸೈಕಲ್ಲು ಅವಳ ಹಿಂದೆ. ಇಬ್ಬರು ಗಂಡಸರು. ಮಾತಿಲ್ಲ, ಸಿಳ್ಳಿಲ್ಲ. ಶಾಲೆಯಿಂದ ನಮ್ಮ ಕೇರಿಯ ತಿರುವಿನವರೆಗೆ ಅವಳ ಸೈಕಲ್ಲಿನಷ್ಟೇ ನಿಧಾನವಾಗಿ ಬಂದು ನಿಲ್ಲುತ್ತಾರೆ. ಏನಾದರೂ ಅಂದಿದ್ದರೆ ಹೋಗಿ ಜಗಳ ತೆಗೆಯಬಹುದಿತ್ತು. ಸುಮ್ಮನೆ ಬರುವವರ ಜೊತೆ ಹೇಗೆ ಜಗಳ ಆಡುವುದು? ಮಂಗಳವಾರವೂ ಬಂದರು, ನಿನ್ನೆಯೂ ಬಂದರು.

ಪೊಲೀಸರಿಗೆ ಹೇಳು ಎನ್ನುತ್ತೀ. ಏನಂತ ಹೇಳಲಿ? ರಸ್ತೆಯಲ್ಲಿ ಗಾಡಿ ಬಂತು ಎಂದೇ? ಚೆಲ್ಲಿದ ನೀರಿಗೆ ಸಾಕ್ಷಿ ಯಾರು? ಆ ಮನೆಯ ಕೆಲಸದಾಕೆ ಬಾಯಿ ಬಿಡುತ್ತಾಳೆಯೇ? ಹೊನ್ನವ್ವನ ಸಹಿ ಇರುವ ಆ ಕಾರ್ಡೊಂದೇ ಸಾಕ್ಷಿ. ಅದು ಅವರಿಗೂ ಗೊತ್ತು. ಮೇಲಿಂದ ಉಳಿದ ಮಕ್ಕಳ ತಾಯಂದಿರು ಬಂದು ಕೂತರು. "ನಿಮ್ಮೊಬ್ಬಾಕೀ ಸಂಬಂಧ ನಮ್ಮ ಪೂಜಾನ ಪರೀಕ್ಷಾನೂ ಹೋಗಬೇಕೇನ್ರಿ?" ನೂರಿಪ್ಪತ್ತು ಮಕ್ಕಳ ಒಂದು ವರ್ಷ, ಅಣ್ಣಾ. ಅವರ ಅನ್ನದ ಚೀಲ ಒಬ್ಬನ ಕೈಯಲ್ಲಿ ಇರಿಸಿದ ಬಳಗಕ್ಕೆ ಬೆಂಕಿ ಬೀಳಲಿ ಎನಿಸಿತು. ಆ ಬಳಗದಲ್ಲಿ ಹತ್ತು ವರ್ಷ ನಾನೂ ಆ ಚೀಲಕ್ಕೆ ಸಲಾಮು ಹೊಡೆದಿದ್ದೇನೆ.

ನಿನ್ನೆ ಸಂಜೆ ಸಮತಾಳ ಪಕ್ಕ ಕೂತು, ಹೋಗಿ ತಪ್ಪಾಯಿತು ಎಂದು ಒಂದು ಮಾತು ಹೇಳಿ ಬಾ ಅಂದೆ. ಆಕೆ ಸ್ಕಾರ್ಫು ಇಸ್ತ್ರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ಅತ್ತಿ, ನೀ ಕಲಿಸಿದ್ದು ತಪ್ಪಾಗಿದ್ರ ನೀನ ಹೋಗಿ ಹೇಳು. ನನ್ನ ಬಾಯಿಂದ ಬರಂಗಿಲ್ಲ."

ಇವತ್ತು ಮಧ್ಯಾಹ್ನ ಎರಡಕ್ಕೆ ಮಿಲ್ಲಿನ ಟೆಂಪೋ ಬಂತು. ಅಕ್ಕಿ, ಬೇಳೆ, ಎಣ್ಣೆ, ಎಲ್ಲ. ಸಂಜೆ ಮೋಟರ್ ಸೈಕಲ್ಲು ಬರಲಿಲ್ಲ. ಸಮತಾ ಕುಣಿದುಬಿಟ್ಟಳು. "ನೋಡಿದ್ಯಾ ಅತ್ತಿ, ಅವರ ತಿಳಕೊಂಡ್ರು! ನೀ ಸುಮ್ನ ಅಂಜಿ ಸಾಯ್ತಿದ್ದಿ." ನಾಳೆ ಬೆಳಿಗ್ಗೆ ಏಳಕ್ಕೆ ಚಿಕ್ಕೇರೂರಿಗೆ ಹೊರಡುತ್ತೇವೆ, ಶಿಬಿರ ಅಲ್ಲಿಯ ಶಾಲೆಯ ಬಯಲಲ್ಲಿ. ಆಕೆ ಚೀಲ ಕಟ್ಟುತ್ತ ಹಾಡುತ್ತಿದ್ದಾಳೆ. ಎಂಟು ಹುಡುಗಿಯರ ತಂಡಕ್ಕೆ ಆಕೆಯೇ ನಾಯಕಿ.

ವೈನಿಗೆ ಕಷಾಯ ತಪ್ಪಿಸಬೇಡ. ನೀನು ನಾಲ್ಕು ದಿನ ಭಾರ ಎತ್ತದಿದ್ದರೆ ಬಂದರೇನೂ ಮುಳುಗುವುದಿಲ್ಲ. ಅವ್ವ ಇಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ.

ನಿನ್ನ ತಂಗಿ,
ಗುತ್ತೆವ್ವ

ತಾ.ಕ.: ಶಹಾಬುದ್ದೀನ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವರು ತಿಳಿದುಕೊಳ್ಳಲಿಲ್ಲ ಅಣ್ಣಾ. ಇವತ್ತು ಬೆಳಿಗ್ಗೆ ಸಮತಾ ಶಾಲೆಗೆ ಹೋದ ಮೇಲೆ ನಾನೇ ಆ ಮನೆಗೆ ಹೋದೆ. ಆಕೆಯ ಪರವಾಗಿ ತಪ್ಪಾಯಿತು ಎಂದೆ. ಹೊನ್ನವ್ವನ ಕಾಲು ಮುಟ್ಟಲು ಬಗ್ಗಿದೆ, ಮುದುಕಿ ಕಾಲನ್ನೂ ಹಿಂದಕ್ಕೆ ಎಳೆದುಕೊಂಡಳು. ಕಾರ್ಡು ಕೊಟ್ಟುಬಿಟ್ಟೆ. ಕುಬೇರಪ್ಪ ಅದನ್ನು ನನ್ನೆದುರೇ ಹರಿದ. ನಾಳೆ ಹಲಗೆಗೆ ಕಾರ್ಡು ಚುಚ್ಚುವ ಕೆಲಸ ಸಮತಾಳ ತಂಡದ್ದು. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಆಕೆ ತನ್ನದನ್ನು ಹುಡುಕಿ ಮುಗಿಸಿರುತ್ತಾಳೆ. ಆಕೆಯ ಫೋನು ಬಂದರೆ ತಕ್ಷಣ ಎತ್ತು. ನನ್ನ ಪರವಾಗಿ ಒಂದು ಮಾತೂ ಆಡಬೇಡ.